ಮರಳುಗಾಡಿನಲ್ಲಿ ಒಂದು ಇರುಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ಶಾಲೆಯಲ್ಲಿ ಕೋಶದ ಕೆಲಸ ನಡೆದೇ ಇರುತ್ತದೆ. ದೇಶ ಸುತ್ತುವ ಯೋಗ ಮಾತ್ರ ನಮ್ಮಂಥ ಉಪಾಧ್ಯಾಯರಿಗೆ ಅಪರೂಪ. ಅಂಥ ಯೋಗ ನಮಗೆ ಒದಗಿದ್ದು 2011ರ ಬೇಸಿಗೆ ರಜೆಯಲ್ಲಿ. ನಮ್ಮ ತಂಗಿಯ ಯಜಮಾನರು ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ, ಗಾಳಿಯಿಂದ ವಿದ್ಯುತ್ತು ತೆಗೆಯುವ ಯಂತ್ರಗಳ ಕೆಲಸದಲ್ಲಿದ್ದರು. "ಮರಳುಗಾಡು ಅಂತ ಬರೇ ಪುಸ್ತಕದಾಗ ಓದಸ್ತೀಯಲ್ಲಣ್ಣಾ, ಒಮ್ಮೆ ಬಂದು ಕಣ್ಣಿಲೆ ನೋಡು" ಎಂದು ತಂಗಿ ಮೇಲಿಂದ ಮೇಲೆ ಕರೆಯುತ್ತಿದ್ದಳು. ಮೇ ತಿಂಗಳ ಕೊನೆಯ ವಾರ ನಾವು, ನಮ್ಮ ಮನೆಯವರು ಮತ್ತು ಐದು ವರ್ಷದ ಮಗಳು ಹೊರಟೆವು.

ನಮ್ಮ ಜತ್ತ ಸೀಮೆಗೆ ಬರ ಹೊಸದಲ್ಲ. ಆದರೂ ಅಲ್ಲಿಯ ಬಯಲನ್ನು ಕಂಡು ನಾವು ಬೆರಗಾದೆವು. ವರ್ಷಕ್ಕೆ 200 ಮಿಲಿಮೀಟರ್ ಮಳೆಯಾಗುತ್ತದೆಂಬ ಭರವಸೆಯೂ ಇಲ್ಲದ ನಾಡು ಅದು. ಬಿದ್ದ ಮಳೆಯ ಹನಿಹನಿಯನ್ನೂ ಜನ ನೆಲದೊಳಗಿನ ತೊಟ್ಟಿಗಳಲ್ಲಿ ಕೂಡಿಡುತ್ತಾರೆ. ಅದಕ್ಕೆ ಟಾಂಕಾ ಎಂದು ಹೆಸರು. ಮಳೆನೀರನ್ನು ಒಡ್ಡಿನಿಂದ ತಡೆದು ನಿಲ್ಲಿಸಿ, ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬೆಳೆಯುವ ಹೊಲಗಳೂ ಉಂಟು. ಅವುಗಳನ್ನು ಖಡೀನ್ ಎನ್ನುತ್ತಾರೆ. ಅಂಥ ಒಂದು ಹಳೆಯ ಖಡೀನನ್ನು ನೋಡಲು ಒಂದು ಮಧ್ಯಾಹ್ನ ತಂಗಿಯ ಮನೆಯಿಂದ ಜೀಪಿನಲ್ಲಿ ಹೋದೆವು.

ಹಿಂದಿರುಗುವಾಗ ಪಶ್ಚಿಮದ ಆಕಾಶ ಕಂದುಬಣ್ಣಕ್ಕೆ ತಿರುಗಿತು. ನೋಡನೋಡುತ್ತಿದ್ದಂತೆ ಧೂಳಿನ ಗೋಡೆಯೊಂದು ಎದ್ದು ಬಂದು ನಮ್ಮನ್ನು ಮುಚ್ಚಿತು. ಅಲ್ಲಿಯವರು ಆಂಧಿ ಎನ್ನುವುದು ಇದನ್ನೇ. ಜೀಪು ನಿಲ್ಲಿಸಿ, ಮಗುವಿನ ಮುಖಕ್ಕೆ ಒದ್ದೆ ಬಟ್ಟೆ ಹಿಡಿದು ಕುಳಿತೆವು. ಗಾಳಿ ತಗ್ಗಿದಾಗ ಹೊತ್ತು ಮುಳುಗಿತ್ತು. ದೀಪ ಹಾಕಿ ನೋಡಿದರೆ ಬಂದ ದಾರಿಯೇ ಇಲ್ಲ! ತಂಗಿಯ ಯಜಮಾನರು ಹತ್ತಾರು ಸಲ ಓಡಾಡಿದ ಜಾಡು ಮರಳಿನಡಿ ಅಡಗಿಹೋಗಿತ್ತು. ಮೊಬೈಲಿಗೆ ಸಂಪರ್ಕವಿರಲಿಲ್ಲ. ಕುಡಿಯುವ ನೀರು ಒಂದೂವರೆ ಬಾಟಲಿ ಉಳಿದಿತ್ತು. ದೂರದಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳೇನೋ ಮಿನುಗುತ್ತಿದ್ದವು; ಆದರೆ ಎರಡು ದಿಕ್ಕಿಗೂ ಅಂಥವೇ ದೀಪಗಳು. ಯಾವುದು ನಮ್ಮ ಕಡೆಯದು?

"ಭಾವ, ಯಾರೂ ಜೀಪ್ ಬಿಟ್ಟು ದೂರ ಹೋಗೂದು ಬ್ಯಾಡ್ರಿ. ಹೆಜ್ಜಿ ಗುರ್ತು ಸೈತ ಗಾಳಿ ಉಳಸೂದಿಲ್ಲ" ಎಂದರು ಅವರು. ಮಗಳು ನೀರು ಬೇಡಿದಳು. ಮುಚ್ಚಳದಲ್ಲಿ ಅಳೆದು ಕೊಟ್ಟೆವು. ಮನೆಯಲ್ಲಿ ಕೊಡಗಟ್ಟಲೆ ನೀರು ಚೆಲ್ಲುವ ನಮಗೆ ಆ ಮುಚ್ಚಳದ ಬೆಲೆ ಅಂದು ತಿಳಿಯಿತು.

ಧೂಳು ಅಡಗಿದ ಮೇಲೆ ನಕ್ಷತ್ರಗಳು ಮೂಡಿದವು. ಅಮಾವಾಸ್ಯೆ ಹತ್ತಿರವಿದ್ದುದರಿಂದ ಆಕಾಶ ಸ್ವಚ್ಛವಾಗಿ ಕಾಣುತ್ತಿತ್ತು. ಉತ್ತರಕ್ಕೆ ಎತ್ತರದಲ್ಲಿ ಸಪ್ತರ್ಷಿ ಮಂಡಲ. ಅದರಲ್ಲಿ ಪುಲಹನಿಂದ ಕ್ರತುವಿಗೆ ಗೆರೆ ಎಳೆದು, ಅದನ್ನು ಐದು ಪಟ್ಟು ಮುಂದುವರಿಸಿದರೆ ಧ್ರುವ ನಕ್ಷತ್ರ. ಕೈ ನೀಡಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು ಹತ್ತು ಅಂಶ. ಜತ್ತದಲ್ಲಿ ಧ್ರುವ ದಿಗಂತದಿಂದ ಎರಡು ಮುಷ್ಟಿಗೂ ಕೆಳಗೆ, ಸುಮಾರು 17 ಅಂಶದಲ್ಲಿ ಕಾಣುತ್ತಾನೆ. ಅಲ್ಲಿ ಮೂರು ಮುಷ್ಟಿಯ ಸಮೀಪ, 27 ಅಂಶಕ್ಕೆ ಏರಿದ್ದ. ನಾವು ಎಷ್ಟು ದೂರ ಉತ್ತರಕ್ಕೆ ಬಂದಿದ್ದೇವೆಂದು ಆಕಾಶವೇ ಹೇಳಿತು. ದಿಕ್ಕು ಸಿಕ್ಕಿತು, ಆದರೆ ಯಾವ ದಿಕ್ಕಿಗೆ ಜನವಸತಿಯಿದೆಯೆಂದು ನಕ್ಷತ್ರ ಹೇಳಲಾರದು.

ಒಂಬತ್ತೂವರೆಯ ಸುಮಾರಿಗೆ ಕುರಿಗಂಟೆಯ ಸದ್ದು ಕೇಳಿತು. ಜೀಪಿನ ಹಾರ್ನ್ ಬಾರಿಸಿದೆವು. ಕೆಂಪು ಪೇಟದ ಮುದುಕನೊಬ್ಬ ಕೋಲೂರುತ್ತ ಬಂದ. ಅವನದು ಮಾರವಾಡಿ, ನಮ್ಮದು ಹರಕು ಹಿಂದಿ. ಆತ ಮೊದಲು ಮಗುವನ್ನು ನೋಡಿದ. ಆಮೇಲೆ ನೆಲಕ್ಕೆ ಬಗ್ಗಿ ಒಂದು ಮೋಟು ಪೊದೆಯ ಬುಡವನ್ನು ಅಂಗೈಯಿಂದ ಸವರಿದ. ನಾವೂ ಮುಟ್ಟಿ ನೋಡಿದೆವು. ಪೊದೆಯ ಒಂದು ಮಗ್ಗುಲಿಗೆ ಮರಳು ಬಾಲದಂತೆ ಉದ್ದಕ್ಕೆ ಕೂಡಿಕೊಂಡಿತ್ತು. ಅಲ್ಲಿ ಬೇಸಿಗೆಯ ಗಾಳಿ ನೈರುತ್ಯದಿಂದ ಬೀಸುವುದರಿಂದ ಆ ಬಾಲ ಈಶಾನ್ಯಕ್ಕೆ ಚಾಚಿರುತ್ತದೆ. ಧ್ರುವನನ್ನು ನೋಡಿದೆವು, ಲೆಕ್ಕ ಸರಿಯಾಗಿತ್ತು. ಒಂದು ಸಂಜೆಯ ಗಾಳಿಗೆ ಇದು ತಿರುಗುವುದಿಲ್ಲ, ವರ್ಷಗಳ ಗಾಳಿ ಇದನ್ನು ಕಟ್ಟಿದೆ ಎಂಬುದು ಅವನ ಮಾತಿನ ತಾತ್ಪರ್ಯ.

ಅವನು ಮುಂದೆ, ಜೀಪು ಹಿಂದೆ. ಅರ್ಧ ತಾಸಿನಲ್ಲಿ ಅವನ ಢಾಣಿ ಬಂತು. ನಮ್ಮ ಕಡೆಯ ವಸ್ತಿಯಿದ್ದಂತೆಯೇ ಅದು. ಊರಾಚೆ ನಾಲ್ಕಾರು ಗುಡಿಸಲು, ಮುಳ್ಳಿನ ಬೇಲಿ, ಕಾವಲಿಗೆ ನಾಯಿ. ಆ ಮನೆಯ ತಾಯಿ ಟಾಂಕಾದಿಂದ ನೀರು ಸೇದಿ ಮೊದಲು ಮಗುವಿಗೆ, ಆಮೇಲೆ ನಮಗೆಲ್ಲ ಕೊಟ್ಟಳು. ಯಾರು, ಯಾವ ಊರು ಎಂದು ಕೇಳಿದ್ದು ನಾವು ನೀರು ಕುಡಿದಾದ ಮೇಲೆ. ಮುಂದಿನ ಮಳೆಗೆ ಇನ್ನೂ ತಿಂಗಳಿರುವಾಗ ಕೂಡಿಟ್ಟ ನೀರು ಅದು! ಬೆಳಗಾದ ಮೇಲೆ ಅವನ ಮಗ ಜೀಪಿನಲ್ಲಿ ಕುಳಿತು ದಾರಿ ತೋರಿಸಿದ. ದುಡ್ಡು ಕೊಡಹೋದರೆ ನಕ್ಕು ಕೈಮುಗಿದ.

ವಿದ್ಯಾರ್ಥಿ ಮಿತ್ರರೇ, ಧ್ರುವನನ್ನು ಹುಡುಕುವ ವಿದ್ಯೆ ನಮಗೆ ಬಂದದ್ದು ಪುಸ್ತಕದಿಂದ. ಪೊದೆಯ ಬುಡದ ಮರಳನ್ನು ಓದುವ ವಿದ್ಯೆ ಆ ಮುದುಕನಿಗೆ ಬಂದದ್ದು ತಂದೆಯ ಬಾಯಿಂದ, ಅವನ ಮನೆಮಾತಿನಲ್ಲಿ. ಅಂದು ನಮ್ಮ ಮಗುವಿಗೆ ನೀರು ದೊರಕಿಸಿದ್ದು ಎರಡನೆಯದು. ನಿಮ್ಮ ಮನೆಗಳಲ್ಲೂ ಅಂಥ ಹಿರಿಯರಿದ್ದಾರೆ. ಯಾವ ಗಾಳಿ ಮಳೆ ತರುತ್ತದೆ, ಯಾವ ಹಳ್ಳದಲ್ಲಿ ಒರತೆ ತೋಡಿದರೆ ನೀರು ಸಿಗುತ್ತದೆ, ಕುರಿ ಯಾವ ಸೊಪ್ಪನ್ನು ತಿನ್ನಬಾರದು ಎಂಬುದನ್ನೆಲ್ಲ ಅವರು ಕನ್ನಡದಲ್ಲಿ ಬಲ್ಲರು. ಅದು ಯಾವ ಪಠ್ಯದಲ್ಲೂ ಅಚ್ಚಾಗಿಲ್ಲ. ಅಜ್ಜ ಅಕ್ಷರ ಕಲಿತಿಲ್ಲವೆಂದು ನಾಚಬೇಡಿ. ಈ ರಜೆಯಲ್ಲಿ ಅವರ ಹತ್ತಿರ ಕುಳಿತು ಕೇಳಿರಿ, ಒಂದು ವಹಿಯಲ್ಲಿ ಬರೆದಿಡಿರಿ. ಪಾಲಕರಲ್ಲಿ ನಮ್ಮ ವಿನಂತಿಯೂ ಇದೇ: ಮಕ್ಕಳು ಕೇಳಲು ಬಂದಾಗ ಬೇಸರಿಸದೆ ಹೇಳಿರಿ.