ಕಾರ್ ಪಾರ್ಕು ಮತ್ತು ಚಿಕ್ಕ ಗಡಿಯಾರ

ಮ್ಯಾಕಲ್ಸ್‌ಫೀಲ್ಡ್ ರೈಲು ನಿಲ್ದಾಣದಿಂದ ಹೊರಬಂದು ತಲೆಯೆತ್ತಿದರೆ ಗುಡ್ಡದ ಮೇಲೆ ಸೇಂಟ್ ಮೈಕಲ್ ಚರ್ಚಿನ ಗೋಪುರ ಕಾಣಿಸುತ್ತದೆ. ಅಲ್ಲಿಗೆ ಹತ್ತಿ ಹೋಗಲು 108 ಕಲ್ಲಿನ ಮೆಟ್ಟಿಲುಗಳಿವೆ. ನೂರೆಂಟು ಎಂದೊಡನೆ ನಮ್ಮ ಕಡೆಯವರ ಮುಖ ಅರಳುತ್ತದೆ. ಭಾರತದಿಂದ ಬಂದ ನೆಂಟರನ್ನು ನಾನು ಆ ಮೆಟ್ಟಿಲು ಹತ್ತಿಸದೆ ಬಿಟ್ಟವಳಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಅಭ್ಯಾಸವಿರುವ ನಮ್ಮ ಅತ್ತೆಯವರು ಮಾತ್ರ ಮೇಲೆ ನಿಂತು "ಇಷ್ಟೇನಾ?" ಎಂದರು.

ಮೇಲಿರುವುದು ಹಳೆಯ ಪೇಟೆ. 1261ರಲ್ಲಿ ಸನ್ನದು ಪಡೆದ ಊರು ಇದು. ಮಾರ್ಕೆಟ್ ಪ್ಲೇಸ್, ಟೌನ್ ಹಾಲ್, ಚೆಸ್ಟರ್‌ಗೇಟ್, ಮಿಲ್ ಸ್ಟ್ರೀಟ್ ಎಲ್ಲವೂ ಒಂದಕ್ಕೊಂದು ಅಂಟಿಕೊಂಡೇ ಇವೆ. ಇನ್ನು ಸ್ವಲ್ಪ ದೂರ ನಡೆದರೆ ಚರ್ಚಿಲ್ ವೇ. ಅಲ್ಲಿರುವುದು ಒಂದು ಕಾರ್ ಪಾರ್ಕು. ನೋಡಲು ಏನೂ ಇಲ್ಲ. ಟಾರು, ಬಿಳಿ ಗೆರೆ, ಟಿಕೆಟ್ ಯಂತ್ರ, ಅಷ್ಟೆ. ಆದರೂ ಈ ಊರಿನ ರಾಜಕೀಯವೆಲ್ಲ ಎಷ್ಟೋ ವರ್ಷ ಈ ಬಯಲನ್ನೇ ಸುತ್ತಿದೆ ಎಂದರೆ ಅತಿಶಯೋಕ್ತಿಯಲ್ಲ.

ಭಾನುವಾರದ ಕನ್ನಡ ತರಗತಿಯಲ್ಲಿ "ನಾನಿರುವ ಊರು" ಎಂದು ಹತ್ತು ಸಾಲಿನ ಪ್ರಬಂಧ ಬರೆಸಿದಾಗ ಒಬ್ಬ ಹುಡುಗ ಎರಡೇ ಸಾಲು ಬರೆದಿದ್ದ: "ನಾನಿರುವ ಊರು ಮ್ಯಾಕಲ್ಸ್‌ಫೀಲ್ಡ್. ಇಲ್ಲಿ ಏನೂ ಆಗುವುದಿಲ್ಲ." ಕಾಗುಣಿತ ತಪ್ಪಿರಲಿಲ್ಲವಾದ್ದರಿಂದ ಅಂಕ ಕೊಟ್ಟೆ. ಆದರೆ ಆ ಎರಡನೆಯ ವಾಕ್ಯ ಮನಸ್ಸಿನಲ್ಲೇ ಉಳಿಯಿತು. ಒಂದು ಊರಿನಲ್ಲಿ "ಏನೂ ಆಗದೇ" ಇರುವುದಕ್ಕೂ ಕಾರಣಗಳಿರುತ್ತವೆ, ಅದಕ್ಕೂ ಒಂದು ಇತಿಹಾಸವಿರುತ್ತದೆ. ಅದನ್ನು ಮಕ್ಕಳಿಗೆ ಹೇಳೋಣವೆಂದು ಈ ಲೇಖನ.

ಮ್ಯಾಕಲ್ಸ್‌ಫೀಲ್ಡ್ ರೇಷ್ಮೆಯ ಊರು. 19ನೇ ಶತಮಾನದಲ್ಲಿ ಇಲ್ಲಿ ಹತ್ತಾರು ರೇಷ್ಮೆ ಗಿರಣಿಗಳಿದ್ದವು. ಪ್ಯಾರಡೈಸ್ ಮಿಲ್‌ನಲ್ಲಿ ಜಕಾರ್ಡ್ ಕೈಮಗ್ಗಗಳು 1981ರವರೆಗೂ ನಡೆದವು. ಈಗ ಅದು ವಸ್ತುಸಂಗ್ರಹಾಲಯ. ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ರೇಷ್ಮೆ ಕಾರ್ಖಾನೆಯ ಸೀರೆ ಉಟ್ಟುಕೊಂಡು ನಾನು ಆ ಮಗ್ಗಗಳ ಮುಂದೆ ನಿಂತಾಗ, ವಿವರಣೆ ಕೊಡುತ್ತಿದ್ದ ಹಿರಿಯರು ಮಗ್ಗ ಬಿಟ್ಟು ನನ್ನ ಸೆರಗನ್ನೇ ನೋಡುತ್ತಿದ್ದರು! ಗಿರಣಿಗಳು ಮುಚ್ಚಿದ ಮೇಲೆ ಇಂಥ ಊರು ಏನನ್ನು ನಂಬಿ ಬದುಕಬೇಕು? ಇಂಗ್ಲೆಂಡಿನ ಉತ್ತರದ ಎಲ್ಲ ಗಿರಣಿ ಊರುಗಳಿಗೂ ಈ ಪ್ರಶ್ನೆ ಎದುರಾಯಿತು. ಬಹಳ ಊರುಗಳು ಕಂಡುಕೊಂಡ ಉತ್ತರ ಒಂದೇ: ಶಾಪಿಂಗ್.

ಇಲ್ಲಿಯೂ ಹಾಗೆಯೇ. ಊರ ನಡುವಿನ ಕಾರ್ ಪಾರ್ಕುಗಳ ಜಾಗ ಕೌನ್ಸಿಲಿನದು. ಅಲ್ಲಿ ದೊಡ್ಡ ಅಂಗಡಿಗಳು, ಬಹುಪರದೆಯ ಚಿತ್ರಮಂದಿರ, ಹೋಟೆಲುಗಳನ್ನು ಕಟ್ಟುವ ಯೋಜನೆ ತಯಾರಾಯಿತು. ಕಟ್ಟಬೇಕಾಗಿದ್ದವರು ವಿಲ್ಸನ್ ಬೌಡನ್ ಎಂಬ ಸಂಸ್ಥೆ. ಸುಮಾರು 9 ಕೋಟಿ ಪೌಂಡುಗಳ ಈ ಯೋಜನೆಗೆ ಸಿಲ್ಕ್ ಸ್ಟ್ರೀಟ್ ಎಂದು ಹೆಸರಿಟ್ಟರು. ರೇಷ್ಮೆ ಹೋದರೂ ಹೆಸರು ಉಳಿಯಿತು.

ಮಕ್ಕಳೇ, ಇಂಥ ಯೋಜನೆ ಹೇಗೆ ನಡೆಯುತ್ತದೆಂದು ಸ್ವಲ್ಪ ತಿಳಿದುಕೊಳ್ಳಿ. ಕಟ್ಟುವವರು ತಮ್ಮ ಜೇಬಿನ ಹಣದಿಂದಲೇ ಎಲ್ಲವನ್ನೂ ಕಟ್ಟುವುದಿಲ್ಲ, ಸಾಲ ತರುತ್ತಾರೆ. ಸಾಲ ಕೊಡುವವರು "ಬಾಡಿಗೆಗೆ ಯಾರು ಬರುತ್ತಾರೆ?" ಎಂದು ಕೇಳುತ್ತಾರೆ. ಆಗ ಒಂದು ದೊಡ್ಡ ಅಂಗಡಿ "ನಾವು ಬರುತ್ತೇವೆ" ಎಂದು ಮೊದಲೇ ಒಪ್ಪಿರಬೇಕು. ಗಂಡು ಒಪ್ಪದೆ ಯಾರಾದರೂ ಛತ್ರಕ್ಕೆ ಮುಂಗಡ ಕೊಡುತ್ತಾರೆಯೇ? ಸಿಲ್ಕ್ ಸ್ಟ್ರೀಟ್ ನೆಚ್ಚಿಕೊಂಡ ಗಂಡು ಡೆಬೆನ್‌ಹ್ಯಾಮ್ಸ್. ಆದರೆ 2008ರಲ್ಲಿ ಬ್ಯಾಂಕುಗಳು ಮುಗ್ಗರಿಸಿದವು, ಸಾಲ ದುರ್ಲಭವಾಯಿತು. ಜನ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಕೊಳ್ಳಲು ಕಲಿತರು. ಮ್ಯಾಂಚೆಸ್ಟರ್ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ, ದೊಡ್ಡ ಅಂಗಡಿ ಬೇಕಾದವರು ಅಲ್ಲಿಗೇ ಹೋಗುತ್ತಾರೆ.

ಇದರ ನಡುವೆ ಯೋಜನೆಯ ಯಜಮಾನರೇ ಬದಲಾದರು. 2009ರ ಏಪ್ರಿಲ್‌ನಲ್ಲಿ ಮ್ಯಾಕಲ್ಸ್‌ಫೀಲ್ಡ್‌ನ ಸ್ವಂತ ಬರೋ ಕೌನ್ಸಿಲ್ ರದ್ದಾಗಿ, ಕಾಂಗಲ್ಟನ್ ಮತ್ತು ಕ್ರೂ-ನ್ಯಾಂಟ್‌ವಿಚ್ ಕೌನ್ಸಿಲುಗಳೊಂದಿಗೆ ಸೇರಿ ಚೆಷೈರ್ ಈಸ್ಟ್ ಆಯಿತು. ತಮ್ಮ ಊರ ಪೇಟೆಯ ತೀರ್ಮಾನವನ್ನು ಬೇರೆ ಊರಿನವರು ಸ್ಯಾಂಡ್‌ಬ್ಯಾಚ್‌ನಲ್ಲಿ ಕುಳಿತು ಮಾಡುತ್ತಾರೆಂಬ ಅಸಮಾಧಾನ ಇಲ್ಲಿ ಬಹಳ ಜನರಿಗಿತ್ತು. 2015ರಲ್ಲಿ ಮ್ಯಾಕಲ್ಸ್‌ಫೀಲ್ಡ್ ಟೌನ್ ಕೌನ್ಸಿಲ್ ಹುಟ್ಟಿತು. ಕಟ್ಟಡದ ಪರವಾನಗಿ ಕೊಡುವ ಅಧಿಕಾರ ಅದಕ್ಕಿಲ್ಲ, ಅಭಿಪ್ರಾಯ ಹೇಳಬಹುದು ಅಷ್ಟೆ. (ಹೀಗಾಗಿ ಯಾವ ಕೌನ್ಸಿಲನ್ನು ಬೈಯಬೇಕೆಂಬ ಗೊಂದಲ ಬಸ್ ನಿಲ್ದಾಣದಲ್ಲಿ ಈಗಲೂ ಕೇಳಿಬರುತ್ತದೆ.) ಪೇಟೆಯ ಸಣ್ಣ ಅಂಗಡಿಯವರಲ್ಲಿ, ಹಳೆಯ ಬೀದಿಗಳನ್ನು ಪ್ರೀತಿಸುವವರಲ್ಲಿ ಅನೇಕರು ಸಿಲ್ಕ್ ಸ್ಟ್ರೀಟನ್ನು ವಿರೋಧಿಸಿದರು. ಊರಿಗೆ ಹೊಸತು ಬೇಕು ಎಂದವರೂ ಕಡಿಮೆಯಿರಲಿಲ್ಲ. 2010ರ ದಶಕದ ನಡುವಿಗೆ ಆ ಯೋಜನೆ ಬಿದ್ದುಹೋಯಿತು. ಆಮೇಲೆ ಆಸ್ಕ್ ರಿಯಲ್ ಎಸ್ಟೇಟ್ ಎಂಬ ಸಂಸ್ಥೆಯ ಚಿಕ್ಕ ಯೋಜನೆಯೊಂದು ಬಂತು, ಚಿತ್ರಮಂದಿರ ಮತ್ತು ಹೋಟೆಲುಗಳದ್ದು. ಅದೂ ಕಾಗದದ ಮೇಲೆಯೇ ಉಳಿಯಿತು. ಕಾರ್ ಪಾರ್ಕು ಕಾರ್ ಪಾರ್ಕಾಗಿಯೇ ಇತ್ತು.

ಇಷ್ಟು ಹೇಳಿದರೆ ಸೋಲಿನ ಕಥೆಯಂತೆ ಕೇಳಿಸುತ್ತದೆ. ಆದರೆ ಮುಂದೆ ಏನಾಯಿತು ನೋಡಿ. 200 ವರ್ಷಕ್ಕೂ ಹೆಚ್ಚು ಕಾಲ ಬಾಳಿದ ಡೆಬೆನ್‌ಹ್ಯಾಮ್ಸ್ 2021ರ ಮೇ ತಿಂಗಳಲ್ಲಿ ದೇಶದಲ್ಲಿ ಉಳಿದಿದ್ದ ತನ್ನ ಅಂಗಡಿಗಳನ್ನೆಲ್ಲ ಮುಚ್ಚಿತು. ಸಿಲ್ಕ್ ಸ್ಟ್ರೀಟ್ ಕಟ್ಟಿ ಮುಗಿದಿದ್ದರೆ ಇಂದು ಆ ಜಾಗದಲ್ಲಿ ಒಂದು ಭಾರಿ ಖಾಲಿ ಕಟ್ಟಡ ನಿಂತಿರುತ್ತಿತ್ತು. ಖಾಲಿ ಕಟ್ಟಡಕ್ಕಿಂತ ಕಾರ್ ಪಾರ್ಕು ವಾಸಿ, ಅದು ತಿಂಡಿ ತಿನ್ನುವುದಿಲ್ಲ. ಅಷ್ಟರಲ್ಲಿ ಊರು ತನ್ನಲ್ಲಿ ಆಗಲೇ ಇದ್ದುದರ ಕಡೆ ತಿರುಗಿ ನೋಡಿತು. 1911ರಲ್ಲಿ ಚಿತ್ರಮಂದಿರವಾಗಿ ಕಟ್ಟಿದ್ದ ಚೆಸ್ಟರ್‌ಗೇಟಿನ ಪಿಕ್ಚರ್‌ಡ್ರೋಮ್ 2019ರಲ್ಲಿ ಊಟದ ಮಾರುಕಟ್ಟೆಯಾಗಿ ಬಾಗಿಲು ತೆರೆಯಿತು. ತಿಂಗಳ ಕೊನೆಯ ಭಾನುವಾರದ ಟ್ರೀಕಲ್ ಮಾರ್ಕೆಟ್ 2010ರಿಂದ ಬೆಳೆದು ಬಂತು. ಟ್ರೀಕಲ್ ಎಂದರೆ ನಮ್ಮ ಜೋನಿಬೆಲ್ಲದಂಥದು. ಹಿಂದೊಮ್ಮೆ ಬಂಡಿ ಮಗುಚಿ ಬೀದಿಯ ತುಂಬ ಅದು ಹರಿಯಿತೆಂಬ ಕಥೆಯಿಂದ ಊರಿಗೆ ಆ ಅಡ್ಡಹೆಸರು. ತಿಂಗಳ ಕೊನೆಯ ಭಾನುವಾರ ನಮ್ಮ ತರಗತಿಯಲ್ಲಿ ಹಾಜರಾತಿ ಕಡಿಮೆಯಾಗುವುದು ಏಕೆಂದು ಪೋಷಕರು ವಿವರಿಸಬೇಕಿಲ್ಲ.

ರೈಲು ನಿಲ್ದಾಣದ ಎದುರಿನ ಅರಿಗಿ ಬಿಯಾಂಕಿ ಪೀಠೋಪಕರಣದ ಅಂಗಡಿಯನ್ನೇ ನೋಡಿ. ಇಟಲಿಯಿಂದ ವಲಸೆ ಬಂದವರು 1854ರಲ್ಲಿ ಆರಂಭಿಸಿದ್ದು. ಕಬ್ಬಿಣ ಮತ್ತು ಗಾಜಿನ ಅದರ ಮುಂಭಾಗ ಎಷ್ಟು ಚೆಂದ! 1970ರ ದಶಕದಲ್ಲಿ ಹೊಸ ರಸ್ತೆಗಾಗಿ ಅದನ್ನು ಕೆಡವುವ ಮಾತಿತ್ತು. ಜನ ಎದ್ದು ನಿಂತು ವಿರೋಧಿಸಿದ್ದರಿಂದ ಉಳಿಯಿತು. ವಲಸೆ ಬಂದವರ ಅಂಗಡಿಯೊಂದನ್ನು ಊರು ತನ್ನದೆಂದುಕೊಂಡು ಉಳಿಸಿತು ಎಂಬುದನ್ನು ನಾವು, ಅಂದರೆ ಮೊನ್ನೆ ಮೊನ್ನೆ ಬಂದವರು, ಗಮನಿಸಬೇಕು.

ಹಾಗಾದರೆ ಕೆಲಸ ನಿಂತರೆ ಒಳ್ಳೆಯದೇ? ಇಲ್ಲ. ಇದನ್ನು ನಾನು ನನ್ನ ಸ್ವಂತ ಊರಿನಿಂದ ಬಲ್ಲೆ.

ಮೈಸೂರಿನ ಚಿಕ್ಕ ಗಡಿಯಾರದ ಬಳಿ ನಿಂತರೆ ದೇವರಾಜ ಮಾರುಕಟ್ಟೆಯ ಬಾಗಿಲೂ ಲ್ಯಾನ್ಸ್‌ಡೌನ್ ಕಟ್ಟಡವೂ ಹತ್ತಿರ ಹತ್ತಿರವೇ. ಒಂದರಲ್ಲಿ ಎಂಟುನೂರಕ್ಕೂ ಹೆಚ್ಚು ಮಳಿಗೆ: ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಗೋಪುರದಂತೆ ಪೇರಿಸಿದ ಕುಂಕುಮ. ಇನ್ನೊಂದು 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದುದರ ನೆನಪಿಗೆ ಕಟ್ಟಿದ್ದು. ಬಿ.ಎ. ಓದುವಾಗ ಅಲ್ಲಿನ ಹಳೇ ಪುಸ್ತಕದ ಅಂಗಡಿಯಲ್ಲಿ ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು, ವರ್ಷ ಮುಗಿದ ಮೇಲೆ ಕಾಲು ಬೆಲೆಗೆ ಅಲ್ಲೇ ಮಾರಿ ಬರುತ್ತಿದ್ದೆವು. 2012ರ ಆಗಸ್ಟ್‌ನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. ಅಂಗಡಿಗಳನ್ನು ಖಾಲಿ ಮಾಡಿಸಿದರು. 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ದೇವರಾಜ ಮಾರುಕಟ್ಟೆಯ ಉತ್ತರ ದಿಕ್ಕಿನ ಭಾಗ ಕುಸಿಯಿತು.

ಅಲ್ಲಿಂದ ಶುರುವಾಯಿತು ಜಗ್ಗಾಟ. ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟೋಣ ಎಂದು ಒಂದು ತಜ್ಞರ ಸಮಿತಿ. ಪಾರಂಪರಿಕ ಕಟ್ಟಡ ಕೆಡವಿದ ಮೇಲೆ ಪಾರಂಪರಿಕವಾಗಿ ಉಳಿಯುವುದು ಹೇಗೆ, ದುರಸ್ತಿ ಮಾಡಬಹುದು ಎಂದು ಇನ್ನೊಂದು ಕಡೆಯವರು. ಇಂಟ್ಯಾಕ್ ಸಂಸ್ಥೆಯವರೂ ದುರಸ್ತಿಯ ಪರವಾಗಿದ್ದರು. ಮಹಾನಗರ ಪಾಲಿಕೆ, ವ್ಯಾಪಾರಿಗಳು, ರಾಜಮನೆತನ, ರಾಜ್ಯ ಸರ್ಕಾರ, ಎಲ್ಲರೂ ಒಂದೊಂದು ಮಾತು. ವಿಷಯ ಹೈಕೋರ್ಟಿಗೆ ಹೋಯಿತು. 2023ರಲ್ಲಿ ಹೈಕೋರ್ಟು ಕೆಡವಿ ಕಟ್ಟಲು ಅವಕಾಶ ಕೊಟ್ಟಿತು, ವಾದ ಆಗಲೂ ನಿಲ್ಲಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು, ಕೂಡಲೇ ಚುನಾವಣೆ ನಡೆಯದೆ, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು.

ಎರಡೂ ಊರಿನಲ್ಲಿ ಕೆಲಸ ನಿಂತಿತು. ಆದರೆ ಟಾರು ಹಾಕಿದ ಬಯಲು ಹತ್ತು ವರ್ಷ ಕಾದರೆ ಅದಕ್ಕೇನೂ ಆಗುವುದಿಲ್ಲ. ಗಾರೆ, ಇಟ್ಟಿಗೆ, ಮರದ ತೊಲೆಯ ಕಟ್ಟಡ ಕಾಯಲಾರದು. ಪ್ರತಿ ಮಳೆಗಾಲದಲ್ಲೂ ನೀರು ಇಳಿಯುತ್ತದೆ, ಬಿರುಕಿನಲ್ಲಿ ಅರಳಿ ಸಸಿ ಬೇರು ಬಿಡುತ್ತದೆ. ಕೆಡವುವುದೋ ಉಳಿಸುವುದೋ ಎಂದು ನಾವು ವಾದಿಸುತ್ತಿರುವಾಗ ಮಳೆ ಸುಮ್ಮನೆ ತನ್ನ ತೀರ್ಪು ಬರೆಯುತ್ತಿರುತ್ತದೆ. ನನ್ನ ಒಲವು ದುರಸ್ತಿಯ ಕಡೆಗೇ. ಆದರೆ ವಾದ ಮುಗಿಯುವವರೆಗೆ ಮಾಡಿಗೆ ಆಸರೆ ಕೊಟ್ಟು, ಸೋರುವುದನ್ನು ನಿಲ್ಲಿಸಿ, ಒಳಗಿರುವವರ ಜೀವ ಕಾಯುವುದಕ್ಕೆ ಯಾವ ತೀರ್ಪೂ ಬೇಕಿಲ್ಲ. ಅದನ್ನು ಮಾಡದೆ "ಪರಿಶೀಲನೆಯಲ್ಲಿದೆ" ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಹೋದ ಸಲ ರಜೆಯಲ್ಲಿ ಮೈಸೂರಿಗೆ ಹೋದಾಗ, ನಮ್ಮಮ್ಮ ಎಷ್ಟೋ ವರ್ಷದಿಂದ ಹೂ ಕೊಳ್ಳುವ ಅಂಗಡಿಯವರನ್ನು "ಮಾರ್ಕೆಟ್ ಒಡೀತಾರಂತಲ್ಲಣ್ಣ?" ಎಂದು ಕೇಳಿದೆ. ಅವರು ಮಾರು ಅಳೆಯುವುದನ್ನು ನಿಲ್ಲಿಸಲಿಲ್ಲ. "ಒಡೀಲಿ ಕಣಮ್ಮ. ಎಷ್ಟು ದಿನ ಆಚೆ ಕೂತ್ಕೋಬೇಕು, ವಾಪಸ್ ಬಂದ್ರೆ ಇದೇ ಜಾಗ ಕೊಡ್ತಾರಾ, ಬಾಡಿಗೆ ಎಷ್ಟು, ಇವ್ ಮೂರನ್ನ ಬರೆದುಕೊಡ್ಲಿ. ನಾಳೆನೇ ಎದ್ದು ಹೋಗ್ತೀನಿ" ಎಂದರು. ಯಾವ ತಜ್ಞರ ವರದಿಗಿಂತಲೂ ಸ್ಪಷ್ಟವಾಗಿತ್ತು ಆ ಮಾತು. ಮ್ಯಾಕಲ್ಸ್‌ಫೀಲ್ಡ್‌ನ ಸಣ್ಣ ಅಂಗಡಿಯವರೊಬ್ಬರು ಸಿಲ್ಕ್ ಸ್ಟ್ರೀಟ್ ಕಾಲದ ಮಾತು ಬಂದಾಗ ಇಂಗ್ಲಿಷಿನಲ್ಲಿ ನನಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಇದನ್ನೆಲ್ಲ ಹೇಳಿದಾಗ ಪೋಷಕರೊಬ್ಬರು "ಮೇಡಂ, ನಾವು ಬಾಡಿಗೆಗೆ ಇರೋರು, ಭಾರತದ ಪಾಸ್‌ಪೋರ್ಟಿನವರು. ನಮಗ್ಯಾಕೆ ಈ ಊರ ರಾಜಕೀಯ?" ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ ಅನೇಕರಿಗೆ ತಿಳಿಯದ ಒಂದು ವಿಷಯವಿದೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಕ್ರಮಬದ್ಧ ವೀಸಾದ ಮೇಲೆ ಇಂಗ್ಲೆಂಡಿನಲ್ಲಿ ವಾಸಿಸುವ, 18 ತುಂಬಿದ ಭಾರತೀಯ ಪ್ರಜೆಗಳು ಇಲ್ಲಿನ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಕೌನ್ಸಿಲ್ ಚುನಾವಣೆಯಲ್ಲಷ್ಟೇ ಅಲ್ಲ, ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. 2023ರಿಂದ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ದಾಖಲೆ ತೋರಿಸಬೇಕು, ನಮ್ಮ ಭಾರತೀಯ ಪಾಸ್‌ಪೋರ್ಟ್ ಅದಕ್ಕೆ ಸಾಕು. ಚೆಷೈರ್ ಈಸ್ಟ್‌ನಲ್ಲಿ 82 ಸದಸ್ಯರಿದ್ದಾರೆ. ಕೌನ್ಸಿಲ್ ತೆರಿಗೆಯನ್ನು ತಿಂಗಳು ತಪ್ಪದೆ ಕಟ್ಟುವ ನಮಗೆ ನಮ್ಮ ವಾರ್ಡಿನ ಸದಸ್ಯರ ಹೆಸರಾದರೂ ಗೊತ್ತಿರಬೇಡವೇ?

ಇನ್ನು ಮಕ್ಕಳಿಗೆ ಮತವಿಲ್ಲದಿದ್ದರೂ ಮಾತಿದೆ. ಕಟ್ಟಡವೊಂದರ ಅರ್ಜಿ ಬಂದಾಗ ಬೀದಿಯ ಕಂಬಕ್ಕೆ ನೋಟೀಸು ಕಟ್ಟುತ್ತಾರೆ. ಸಾಮಾನ್ಯವಾಗಿ 21 ದಿನಗಳ ಒಳಗೆ ಯಾರು ಬೇಕಾದರೂ ಅದಕ್ಕೆ ಅಭಿಪ್ರಾಯ ಬರೆದು ಕಳಿಸಬಹುದು. ಪೌರತ್ವ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ.

ಮೊನ್ನೆ ನಮ್ಮ ಬೀದಿಯ ಕಂಬದಲ್ಲಿ ಅಂಥದೊಂದು ನೋಟೀಸು ಕಾಣಿಸಿತು. ಮುಚ್ಚಿದ ಅಂಗಡಿಯೊಂದನ್ನು ಫ್ಲಾಟುಗಳಾಗಿ ಮಾಡುವ ಅರ್ಜಿ. ಹತ್ತು ವರ್ಷದ ಮಗಳು ನಿಂತು ಓದಿ, ಮನೆಗೆ ಬಂದು ನಕ್ಷೆ ತೆರೆಸಿ ನೋಡಿ, "ಅಮ್ಮ, ಆರು ಮನೆ ಇದೆ, ಒಂದು ಸೈಕಲ್ ನಿಲ್ಲಿಸೋಕೂ ಜಾಗ ಇಟ್ಟಿಲ್ಲ" ಎಂದಳು. ನಾಲ್ಕು ಸಾಲು ಬರೆದು ತನ್ನ ಹೆಸರು ಹಾಕಿ ಕಳಿಸಿದಳು. ಕೊನೆಯ ದಿನಕ್ಕೆ ಇನ್ನೂ ಒಂಬತ್ತು ದಿನವಿತ್ತು.