‘ಬಡವಾಗಿದ್ದೀಯಲ್ಲ’ ಎಂಬ ಮಾತು



ನಮ್ಮ ದೊಡ್ಡಬಳ್ಳಾಪುರದ ಸೀಮೆಯಲ್ಲಿ ಮನುಷ್ಯ ಸೊರಗಿದರೆ ‘ಬಡವಾಗಿದ್ದಾನೆ’ ಎನ್ನುವುದು ವಾಡಿಕೆ. ಕೈಯಲ್ಲಿ ಕಾಸಿಲ್ಲದವನೂ ಬಡವ, ಮೈಯಲ್ಲಿ ಮಾಂಸವಿಲ್ಲದವನೂ ಬಡವ. ಉಣ್ಣಲು ಸಾಲದೆ ಕೃಶವಾಗುವುದೇ ಸಾಮಾನ್ಯವಾಗಿದ್ದ ಕಾಲದಲ್ಲಿ ಹುಟ್ಟಿದ ಮಾತು ಇದು. ಆದರೆ ಮನೆಯಲ್ಲಿ ಸಮೃದ್ಧಿಯಿದ್ದು, ಮೂರು ಹೊತ್ತು ಉಂಡೂ ಒಬ್ಬ ಬಡವಾಗುತ್ತಾ ಹೋದರೆ? ನಮ್ಮ ಭಾವನವರ ವಿಷಯದಲ್ಲಿ ಕಳೆದ ವರ್ಷ ಹೀಗೆಯೇ ಆಯಿತು. ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

ಭಾವನವರದು ಮಗ್ಗದ ಬದುಕು. ಮೊದಲು ಕೈಮಗ್ಗ, ಆಮೇಲೆ ವಿದ್ಯುತ್ ಮಗ್ಗ. ನೇಕಾರರ ಮನೆಯಲ್ಲಿ ತಕ್ಕಡಿಗೆ ಇರುವ ಗೌರವ ನಿಮಗೆ ತಿಳಿದಿರಬಹುದು. ಕೊಟ್ಟ ರೇಷ್ಮೆ ನೂಲಿಗೂ ನೇಯ್ದು ಬಂದ ಸೀರೆಗೂ ಗ್ರಾಮಿನ ಲೆಕ್ಕ. ಹೀಗೆ ಜೀವಮಾನವೆಲ್ಲ ನೂಲು ತೂಗಿದ ಮನುಷ್ಯ ತಮ್ಮನ್ನು ತಾವು ಒಮ್ಮೆಯೂ ತೂಗಿಕೊಂಡವರಲ್ಲ! ಯುಗಾದಿಯ ಹೊತ್ತಿಗೆ ಅಂಗಿಯ ಕೊರಳು ಸಡಿಲವಾಯಿತು. ಗೌರಿಹಬ್ಬಕ್ಕೆ ನಾನು ಹೋದಾಗ ಕೈಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು. ಆರಂಭದಲ್ಲಿ ಹಸಿವು ಕಡಿಮೆಯಾಗಿರಲಿಲ್ಲ, ಬದಲಿಗೆ ಹೆಚ್ಚೇ ಆಗಿತ್ತು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ಬರಬರುತ್ತಾ ಊಟ ಸೇರದಾಯಿತು, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕೆಮ್ಮನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ನೂಲಿನ ಧೂಳಿನಲ್ಲಿ ದುಡಿದವರಿಗೆ ಕೆಮ್ಮು ಇದ್ದದ್ದೇ ಎಂದು ಮನೆಯವರ ಭಾವನೆ.

ಸಮೀಪದ ಖಾಸಗಿ ವೈದ್ಯರೊಬ್ಬರು ಮೂರು ತಿಂಗಳು ಟಾನಿಕ್ಕು, ಕೆಮ್ಮಿನ ಔಷಧ, ಶಕ್ತಿಯ ಚುಚ್ಚುಮದ್ದು ಕೊಟ್ಟರು. ಕಫ ಪರೀಕ್ಷೆಯ ಮಾತೇ ಬರಲಿಲ್ಲ. ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆಸಿದಾಗಿನ ಚೀಟಿಯೊಂದು ಅಕ್ಕನ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದರಲ್ಲಿ 61 ಕಿಲೋ ಎಂದಿತ್ತು. ತೂಗಿಸಿ ನೋಡಿದರೆ 53! ಬೇಕೆಂದು ಪಥ್ಯ ಮಾಡದೆ, ಆರು ತಿಂಗಳಿಂದ ಒಂದು ವರ್ಷದೊಳಗೆ ದೇಹದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೆ ಕಾರಣ ಹುಡುಕಬೇಕೆಂಬುದು ವೈದ್ಯರು ಸಾಮಾನ್ಯವಾಗಿ ಹಿಡಿಯುವ ಅಳತೆ. 61ಕ್ಕೆ ಅದು ಮೂರು ಕಿಲೋ ಆಯಿತು. ಇವರದು ಎಂಟು. ಲೆಕ್ಕದ ಮೇಷ್ಟ್ರ ಭಾವನಿಗೆ ಈ ಲೆಕ್ಕ ಬೇಕಾಗಿ ಬಂತು.

ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ, ಎಕ್ಸ್‌ರೇ, ಕಫ ಎಲ್ಲವೂ ಆಯಿತು. ಕಫವನ್ನು ‘ಟ್ರೂನ್ಯಾಟ್’ ಎಂಬ ಯಂತ್ರದಲ್ಲಿ ನೋಡಿದರು. ಈ ತಂತ್ರದ ಹಿಂದೆ ಬೆಂಗಳೂರಿನದೇ ಪ್ರಯೋಗಾಲಯವೊಂದರ ದುಡಿಮೆಯಿದೆ ಎಂಬುದು ನನಗೊಂದು ಸಣ್ಣ ಹೆಮ್ಮೆ. ಬಂದ ಉತ್ತರ ಒಂದಲ್ಲ, ಎರಡು: ಸಕ್ಕರೆ ಕಾಯಿಲೆ ಮತ್ತು ಕ್ಷಯ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ತಗಲುವ ಸಂಭವ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಹೀಗಾಗಿ ಒಂದು ಸಿಕ್ಕಲ್ಲಿ ಇನ್ನೊಂದನ್ನೂ ಹುಡುಕುವುದು ಈಗ ಪದ್ಧತಿ.

ಕ್ಷಯ ಎಂದರೇ ಕುಗ್ಗುವುದು. ದಕ್ಷನ ಶಾಪದಿಂದ ಚಂದ್ರ ಕ್ಷೀಣಿಸಿದ ಪುರಾಣಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಆಯುರ್ವೇದ ಈ ರೋಗವನ್ನು ರಾಜಯಕ್ಷ್ಮವೆಂದು ಕರೆಯಿತು. ಅರಮನೆಯನ್ನೂ ಅದು ಬಿಡಲಿಲ್ಲ. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಇರುವುದು ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು.

ಆದರೆ ಈ ರೋಗದ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಹಳ್ಳಿಗಳಲ್ಲೇ ಬರೆಯಲ್ಪಟ್ಟಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ನೀವು ಯಲಹಂಕ, ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಊರೊಳಗೆ ಹೋಗುವಾಗ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸಿಗುತ್ತದೆ. ಅದು 1959ರಲ್ಲಿ ಸ್ಥಾಪಿತವಾದದ್ದು. ಅಲ್ಲಿನವರು 1961ರಿಂದ 1968ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳ ಜನರನ್ನು ನಾಲ್ಕು ಸುತ್ತು ಪರೀಕ್ಷಿಸಿದರು. ಹಳ್ಳಿಗಳಿಗೆ ಚಿಕಿತ್ಸೆ ಇನ್ನೂ ವ್ಯವಸ್ಥಿತವಾಗಿ ತಲುಪದಿದ್ದ ಕಾಲ ಅದು. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡವರಲ್ಲಿ ಐದು ವರ್ಷಗಳ ಬಳಿಕ ಸುಮಾರು ಅರ್ಧದಷ್ಟು ಜನ ಬದುಕಿರಲಿಲ್ಲ. ಮೂರರಲ್ಲೊಂದು ಭಾಗದವರು ತಾವಾಗಿ ಗುಣ ಹೊಂದಿದ್ದರು. ಉಳಿದವರು ರೋಗ ಹರಡುತ್ತಲೇ ಇದ್ದರು. ಆ ಅಂಕಿಗಳನ್ನು ಓದುವಾಗ ನನಗೆ ಸಂಖ್ಯೆಗಳು ಕಾಣಲಿಲ್ಲ. ಬಾಲ್ಯದಲ್ಲಿ ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿರುತ್ತಿದ್ದ, ತಟ್ಟೆ ಲೋಟ ಬೇರೆಯಿದ್ದ, ಒಂದು ದಿನ ಇಲ್ಲವಾದ ಕೆಲವು ಹಿರಿಯರು ಕಂಡರು.

ಅದೇ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬುವರು ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರು ಅಜ್ಞಾನಿಗಳು, ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆಯನ್ನು ಅದು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು; ಕೆಮ್ಮಿನ ಔಷಧದ ಸೀಸೆ ಹಿಡಿದು ಹಿಂತಿರುಗಿದ್ದರು. ಅರವತ್ತು ವರ್ಷಗಳಾದ ಮೇಲೆ ನಮ್ಮ ಭಾವನವರೂ ಅದೇ ಸೀಸೆ ಹಿಡಿದು ಬಂದಿದ್ದರಲ್ಲ ಎಂದು ನನಗೆ ನಗುವೂ ಸಿಟ್ಟೂ ಒಟ್ಟಿಗೆ ಬಂದವು.

ರೋಗ ತಿಳಿದದ್ದೇ ತಡ, ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಮಗಳಿಗೆ ಗಂಡು ಗೊತ್ತಾಗಿ, ನಿಶ್ಚಿತಾರ್ಥದ ದಿನ ಗೊತ್ತುಮಾಡುವುದಷ್ಟೇ ಬಾಕಿಯಿತ್ತು.

“ಸಕ್ರೆ ಕಾಯ್ಲೆ ಅಂತ ಮಾತ್ರ ಹೇಳಾನ ಕಣೋ. ಇನ್ನೊಂದು ಹೆಸರು ಈ ಮನೆ ದಾಟ್ಬಾರ್ದು. ಸೊಸೆಗೂ ಬ್ಯಾಡ.”

ಅಕ್ಕನ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಕ್ಷಯದ ಹೆಸರಿನಿಂದ ಮುರಿದ ಸಂಬಂಧಗಳನ್ನು ನಾವಿಬ್ಬರೂ ಕಂಡವರೇ. ಆದರೆ ಆ ಮನೆಯಲ್ಲಿ ಮೂರು ವರ್ಷದ ಮೊಮ್ಮಗನಿದ್ದ, ತಾತನ ತೊಡೆಯ ಮೇಲೇ ಮಲಗುವವನು. ಹೆಸರು ಮುಚ್ಚಿಟ್ಟರೆ ಆ ಮಗುವಿನ ಪರೀಕ್ಷೆ ಮಾಡಿಸುವುದು ಹೇಗೆ? ಐದು ವರ್ಷದೊಳಗಿನ ಮಕ್ಕಳಿಗೆ ರೋಗವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೂ ತಡೆಗಟ್ಟುವ ಮಾತ್ರೆ ಕೊಡಲೇಬೇಕು. “ಅಕ್ಕಾ, ಬೀಗರಿಗೆ ಹೇಳೋದು ಬಿಡೋದು ಆಮೇಲೆ ನೋಡೋಣ, ಮೊದಲು ಸೊಸೆಗೆ ಹೇಳು” ಎಂದೆ. ಒಂದು ವಾರ ಅವಳು ನನ್ನೊಡನೆ ಮಾತಾಡಲಿಲ್ಲ. ಎಂಟನೆಯ ದಿನ ಸೊಸೆಯೇ ಫೋನು ಮಾಡಿ, “ಮಾವಾ, ಮಗೂನ ಯಾವತ್ತು ಕರ್ಕೊಂಡು ಹೋಗ್ಬೇಕು?” ಎಂದು ಕೇಳಿದಳು.

ಚಿಕಿತ್ಸೆ ಆರು ತಿಂಗಳದು: ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಮಾತ್ರೆಯ ಸಂಖ್ಯೆ ದೇಹದ ತೂಕದ ಮೇಲೆ ನಿಗದಿಯಾಗುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಭಾವ ಹೌಹಾರಿದರು; ಅದು ರಿಫಾಂಪಿಸಿನ್ ಎಂಬ ಔಷಧದ ಬಣ್ಣ, ಹೆದರಬೇಕಾದ್ದಿಲ್ಲ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ಸರ್ಕಾರ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1000ಕ್ಕೆ ಏರಿಸಿದೆ. ಅಕ್ಕ ಆ ಹಣದಲ್ಲಿ ಮೊಟ್ಟೆಯನ್ನೂ ಕಡಲೆಕಾಯಿಯನ್ನೂ ತರುತ್ತಾಳೆ, ಲೆಕ್ಕವನ್ನೂ ಬರೆದಿಡುತ್ತಾಳೆ.

ತೂಕ ಇಳಿಯುವುದೆಲ್ಲ ಕ್ಷಯವೇ ಅಲ್ಲ. ಥೈರಾಯ್ಡ್, ಅರ್ಬುದ, ಖಿನ್ನತೆ, ಕೆಲವು ಔಷಧಗಳ ಪರಿಣಾಮ, ಹೀಗೆ ದಾರಿಗಳು ಹಲವು. ನನ್ನ ವಯಸ್ಸಿನವರಲ್ಲಿ ಹಲ್ಲಿನ ಸೆಟ್ಟು ಸರಿಯಾಗಿ ಕೂರದೆ, ಅಗಿಯಲಾರದೆ ಬಡವಾಗುವವರೂ ಉಂಟು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರಿಗಾಗಿ ಒಲೆ ಹಚ್ಚಲು ಮನಸ್ಸಾಗದ ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದವು. ದೂರದ ಊರುಗಳಲ್ಲಿರುವ ನನ್ನ ವಿದ್ಯಾರ್ಥಿಗಳು ಈ ಸಲ ಹಬ್ಬಕ್ಕೆ ಬಂದಾಗ, ತಂದೆತಾಯಿಯರನ್ನು ಒಮ್ಮೆ ತೂಗಿಸಿ ಆ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದು ಹೋಗಿರಿ. ಹೋಲಿಸಲು ಹಳೆಯ ಅಂಕಿಯೊಂದಿಲ್ಲದಿದ್ದರೆ ವೈದ್ಯರಾದರೂ ಏನು ಮಾಡಿಯಾರು?

ಭಾವನವರಿಗೆ ಈಗ ಐದನೆಯ ತಿಂಗಳು, 57 ಕಿಲೋ. ಬೀಗರಿಗೆ ವಿಷಯವನ್ನು ಅವರೇ ಹೋಗಿ ಹೇಳಿಬಂದರು. ಅವರು ಎರಡು ದಿನ ಸಮಯ ಕೇಳಿ, ವೈದ್ಯರೊಬ್ಬರನ್ನು ವಿಚಾರಿಸಿ, ಔಷಧ ಮುಗಿದ ಮೇಲೆ ನಿಶ್ಚಿತಾರ್ಥ ಇಟ್ಟುಕೊಳ್ಳೋಣ ಎಂದಿದ್ದಾರೆ.