ಹಸ್ತಾ ಪಕ್ಕದ ಆರನೇ ಚಿಕ್ಕಿ

ಏಪ್ರಿಲ್‌ನಲ್ಲಿ ಬಾಗಲಕೋಟೆ ಜಿಲ್ಲೆ ಸುತ್ತಲು ಹೊರಟೆ ಎಂದರೆ ಗೆಳೆಯರು ಹುಬ್ಬೇರಿಸುತ್ತಾರೆ. ನಲವತ್ತು ಡಿಗ್ರಿ ಬಿಸಿಲು ಅಲ್ಲಿ ಸುದ್ದಿಯೇ ಅಲ್ಲ. ಆದರೆ ಅಕ್ಕನ ಮನೆ ಇರುವುದು ಜಮಖಂಡಿಯಲ್ಲಿ, ಮಕ್ಕಳಿಗೆ ರಜೆ ಸಿಗುವುದೂ ಆಗಲೇ.

ಈ ಸಲ ಸುತ್ತಾಟಕ್ಕೆ ಇನ್ನೊಂದು ಕಾರಣವಿತ್ತು. ಒಂಬತ್ತನೇ ತರಗತಿಯ ಅಕ್ಕನ ಮಗಳು ಎರಡು ವರ್ಷ ಹಬ್ಬದ ದುಡ್ಡು ಕೂಡಿಟ್ಟು ಹಳೇ ಕ್ಯಾಮೆರಾ ಒಂದನ್ನು ಕೊಂಡಿದ್ದಳು. ರಾತ್ರಿ ತೆಗೆದ ಚಿತ್ರಗಳಲ್ಲೆಲ್ಲ ಕೆಂಪು, ಹಸಿರು, ನೀಲಿ ಚುಕ್ಕಿಗಳು. ರಿಪೇರಿ ಅಂಗಡಿಯವರು, “ಸೆನ್ಸರ್ ಹೋಗೇದ, ಹೊಸಾದು ಹಾಕಿಸೂಕಿಂತ ಬಂದಷ್ಟಕ್ಕ ಮಾರಿಬಿಡ್ರಿ” ಅಂದರಂತೆ. ಅಕ್ಕನೂ ಮಾರುವ ಮನಸ್ಸು ಮಾಡಿದ್ದಳು. ಹುಡುಗಿ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. “ನಾಕ ಊರು ತಿರುಗಿ ಬರೂಣು, ಆಮ್ಯಾಲ ಮಾರೂದು ನೋಡೂಣು” ಎಂದೆ.

ಮೊದಲು ಮುಧೋಳ. ರನ್ನನ ಊರು, ಘಟಪ್ರಭೆಯ ಊರು, ಈಗಿನ ಮಕ್ಕಳಿಗೆ ಮಾತ್ರ ನಾಯಿಯ ಊರು. ಉದ್ದ ಕಾಲು, ಒಳಸರಿದ ಹೊಟ್ಟೆಯ ಈ ಬೇಟೆನಾಯಿಯ ಮೇಲೆ 2005ರಲ್ಲಿ ಅಂಚೆಚೀಟಿಯೂ ಬಂದಿದೆ. ಹೊಲದಲ್ಲಿ ಓಡುವ ನಾಯಿಯನ್ನು ಹಿಡಿಯಲು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟೇ ಹೊತ್ತು ಶಟರ್ ತೆರೆಯಬೇಕು. ಅಂಥ ಐವತ್ತು ಚಿತ್ರ ತೆಗೆದಳು. ಹಿಗ್ಗಿಸಿ ಹುಡುಕಿದರೂ ಒಂದೇ ಒಂದು ಚುಕ್ಕಿ ಇಲ್ಲ. ಕಾದ ಹೊಲ ಅದು, ಕ್ಯಾಮೆರಾ ಕೈ ಸುಡುವಷ್ಟು ಬಿಸಿಯಾಗಿತ್ತು! ಸಂಜೆ ಜಮಖಂಡಿಗೆ ಮರಳಿ, ಪಟವರ್ಧನ ದೊರೆಗಳ ಕಾಲದ ಅರಮನೆಯಿರುವ ರಾಮತೀರ್ಥದ ಗುಡ್ಡ ಹತ್ತಿದೆವು. ಮಬ್ಬುಗತ್ತಲಲ್ಲಿ ನಾಲ್ಕು ಸೆಕೆಂಡಿನ ಚಿತ್ರ ತೆಗೆದಾಗ ಮೂಲೆಯಲ್ಲಿ ಒಂದೆರಡು ಚುಕ್ಕಿ ಇಣುಕಿದವು.

ಮರುದಿನ ರಾತ್ರಿ ಬೀಳಗಿ. ಆಲಮಟ್ಟಿ ಹಿನ್ನೀರು ಬೇಸಿಗೆಗೆ ಹಿಂದೆ ಸರಿದು, ಬಿರುಕು ಬಿಟ್ಟ ಎರೆಮಣ್ಣು ದೂರದವರೆಗೆ ಬಯಲಾಗಿತ್ತು. ನೀರು ನಿಂತಾಗ ಈ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಜಾಗ ಬಿಟ್ಟು ಎದ್ದುಹೋದವು. ದೀಪಗಳಿಲ್ಲದ ಆ ದಂಡೆಯಲ್ಲಿ ಆಕಾಶ ಎಷ್ಟು ಹತ್ತಿರವೆಂದರೆ ಮಾತೇ ಬೇಡ ಅನಿಸುತ್ತದೆ. ಕ್ಯಾಮೆರಾವನ್ನು ಮೂರುಗಾಲಿನ ಮೇಲೆ ನಿಲ್ಲಿಸಿ ಮೂವತ್ತು ಸೆಕೆಂಡು ಶಟರ್ ತೆರೆದಳು.

“ಮಾಮಾ, ಹಸ್ತಾಕ್ಕ ಐದ ಚಿಕ್ಕಿ ಹೌದಲ್ಲೋ? ಇಲ್ಲಿ ಆರು ಅದಾವ. ಆರನೇದು ಕೆಂಪಗ ಅದ!”

ನಮ್ಮ ಕಡೆ ನಕ್ಷತ್ರಕ್ಕೂ ಚಿಕ್ಕಿಯೇ, ಬಟ್ಟೆಯ ಮೇಲಿನ ಬೊಟ್ಟಿಗೂ ಚಿಕ್ಕಿಯೇ. ಇದು ಯಾವ ಚಿಕ್ಕಿ? ತಿಳಿಯಲು ಸುಲಭದ ಉಪಾಯವಿದೆ. ಕ್ಯಾಮೆರಾವನ್ನು ತುಸು ಪಕ್ಕಕ್ಕೆ ತಿರುಗಿಸಿ ಇನ್ನೊಂದು ಚಿತ್ರ ತೆಗೆಯಿರಿ. ಹಸ್ತಾದ ಐದೂ ಚಿತ್ರದ ಬಲಕ್ಕೆ ಸರಿದವು, ಕೆಂಪು ಮಾತ್ರ ಇದ್ದಲ್ಲೇ ಇತ್ತು. ಆಕಾಶದ್ದಲ್ಲ, ಕ್ಯಾಮೆರಾದ್ದು. ಹುಡುಗಿಯ ಮುಖ ಬಾಡಿತು. ಹೊಸ ನಕ್ಷತ್ರವೂ ಹೋಯಿತು, ಕ್ಯಾಮೆರಾವೂ ಹೋಯಿತು ಅನ್ನುವ ಹಾಗೆ.

ದಂಡೆಯ ಮೇಲೆ ಕೂತು ಹೇಳಿದೆ. ಮಳೆ ಅಳೆಯಲು ಅಂಗಳದ ತುಂಬ ಸಾಲಾಗಿ ಬಟ್ಟಲು ಇಟ್ಟಿದ್ದೀಯ ಅಂದುಕೋ. ಸೆನ್ಸರ್ ಎಂಬ ಸಿಲಿಕಾನ್ ಬಿಲ್ಲೆಯೂ ಹಾಗೆಯೇ. 24 ಮೆಗಾಪಿಕ್ಸೆಲ್ ಅಂದರೆ 2.4 ಕೋಟಿ ಬಟ್ಟಲು. ಬೆಳಕು ಬಿದ್ದಷ್ಟು ಎಲೆಕ್ಟ್ರಾನುಗಳು ಅವುಗಳಲ್ಲಿ ತುಂಬುತ್ತವೆ. ಆದರೆ ಬೆಳಕಿಲ್ಲದೆಯೂ ಬರೀ ಶಾಖದಿಂದ ಒಂದಿಷ್ಟು ಎಲೆಕ್ಟ್ರಾನು ಬಿಡುಗಡೆಯಾಗುತ್ತವೆ. ಸಿಲಿಕಾನಿನಲ್ಲಿ ಸಣ್ಣ ದೋಷವಿರುವ ಕೆಲವು ಬಟ್ಟಲಿಗೆ ಇವು ಬುಡದಿಂದಲೇ ಹೆಚ್ಚು ಜಿನುಗುತ್ತವೆ. ಇವೇ ಹಾಟ್ ಪಿಕ್ಸೆಲ್‌ಗಳು. ಓಡುವ ನಾಯಿಯ ಚಿತ್ರಕ್ಕೆ ಬಟ್ಟಲು ಇಟ್ಟದ್ದು ಕ್ಷಣ ಮಾತ್ರ, ಅಷ್ಟರಲ್ಲಿ ಎಷ್ಟು ಜಿನುಗೀತು? ಮೂವತ್ತು ಸೆಕೆಂಡು ಇಟ್ಟರೆ ತುಂಬಿಯೇ ತುಂಬುತ್ತದೆ. ಪ್ರತಿ ಪಿಕ್ಸೆಲ್ ಮೇಲೆ ಕೆಂಪು, ಹಸಿರು, ನೀಲಿ ಪೈಕಿ ಒಂದು ಬಣ್ಣದ ಸೋಸುಗಾಜು ಇರುವುದರಿಂದ ಚುಕ್ಕಿಗೂ ಆ ಬಣ್ಣ.

ತಾಪ ಆರರಿಂದ ಎಂಟು ಡಿಗ್ರಿ ಏರಿದರೆ ಈ ಜಿನುಗು ಸುಮಾರು ಇಮ್ಮಡಿಯಾಗುತ್ತದೆ. ನಮ್ಮ ಏಪ್ರಿಲ್ ರಾತ್ರಿಗೂ ಡಿಸೆಂಬರ್ ರಾತ್ರಿಗೂ ಹದಿನೈದು ಡಿಗ್ರಿ ಅಂತರವಿದ್ದರೆ ನಾಲ್ಕು ಪಟ್ಟು ವ್ಯತ್ಯಾಸ! ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಒಂದು ದೊಡ್ಡ ದೂರದರ್ಶಕವಿದೆ, ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತು. ಅಂಥ ಚಳಿಯ ಊರಿನಲ್ಲೂ ಅದರ ಸೆನ್ಸರನ್ನು ದ್ರವ ಸಾರಜನಕದಿಂದ ತಣ್ಣಗಿಡುತ್ತಾರೆ. ಹಬಲ್ ದೂರದರ್ಶಕದ ಸೆನ್ಸರುಗಳಿಗೂ ಬಾಹ್ಯಾಕಾಶದ ಕಣಗಳ ಹೊಡೆತದಿಂದ ಹೊಸ ಹಾಟ್ ಪಿಕ್ಸೆಲ್ ಹುಟ್ಟುತ್ತಲೇ ಇರುತ್ತವೆ. ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಅವನ್ನು ಬೆಚ್ಚಗೆ ಮಾಡಿ ಬಹಳಷ್ಟನ್ನು ವಾಸಿಮಾಡುತ್ತಾರೆ. “ಅಂದ್ರ ಹಬಲ್‌ನೂ ಯಾರೂ ಮಾರಿಲ್ಲಲ್ಲ?” ಎಂದಳು.

ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿಸಿದೆ. ಅದೇ ಐಎಸ್‌ಒ, ಅದೇ ಮೂವತ್ತು ಸೆಕೆಂಡು. ಕಪ್ಪು ಚಿತ್ರದಲ್ಲಿ ಮೂಡಿದ್ದು ಜಿನುಗಿದ ಚುಕ್ಕಿಗಳು ಮಾತ್ರ. ಮೊದಲ ಚಿತ್ರದಿಂದ ಇದನ್ನು ಕಳೆದರೆ ಉಳಿಯುವುದು ಆಕಾಶ. ಬಹಳಷ್ಟು ಕ್ಯಾಮೆರಾಗಳು ಈ ಲೆಕ್ಕವನ್ನು ತಾವೇ ಮಾಡುತ್ತವೆ, ಮೆನುವಿನಲ್ಲಿ ‘ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್’ ಅಂತ ಇರುತ್ತದೆ. ಪ್ರತಿ ಚಿತ್ರಕ್ಕೂ ಇನ್ನಷ್ಟೇ ಹೊತ್ತು ಕಾಯಬೇಕು, ಅಷ್ಟೇ. ನಾವು ಅದನ್ನು ಚಾಲೂ ಮಾಡಿ ಅದೇ ಹಸ್ತಾವನ್ನು ಮತ್ತೆ ತೆಗೆದೆವು. ಐದೇ ಚಿಕ್ಕಿ.

ಮೂರನೇ ದಿನ ರಬಕವಿ-ಬನಹಟ್ಟಿ. ಓಣಿ ಹೊಕ್ಕರೆ ಸಾಕು, ಮನೆಮನೆಯಿಂದ ಮಗ್ಗದ ಸದ್ದು. ಪರಿಚಯದ ನೇಕಾರ ಕಾಕಾ ಒಬ್ಬರು ಎರಡೂ ಚಿತ್ರ ನೋಡಿದರು. “ಹಾಸಿನ್ಯಾಗ ಒಂದ ಎಳಿ ಹರಿದ್ರ ಸೀರಿ ಉದ್ದಕ ಅದ ಜಾಗದಾಗ ಗೆರಿ ಬೀಳತೈತಿ, ತಂಗೀ. ಎಳಿ ಹುಡುಕಿ ಗಂಟ ಹಾಕತೀವಿ, ಮಗ್ಗಾ ಮಾರೂದಿಲ್ಲ” ಎಂದರು. ಅದೇ ಜಾಗದಲ್ಲಿ ಮರುಕಳಿಸುವ ದೋಷ ಅವರಿಗೆ ನನಗಿಂತ ಬೇಗ ಅರ್ಥವಾಗಿತ್ತು. ಗಂಟು ಹಾಕುವ ಕೆಲಸ ಕ್ಯಾಮೆರಾದಲ್ಲೂ ಇದೆ. ಒಲಿಂಪಸ್‌ನಂಥ ಕೆಲವು ಕ್ಯಾಮೆರಾಗಳಲ್ಲಿ ‘ಪಿಕ್ಸೆಲ್ ಮ್ಯಾಪಿಂಗ್’ ಒತ್ತಿದರೆ ಕೆಟ್ಟ ಪಿಕ್ಸೆಲ್‌ಗಳನ್ನು ಗುರುತಿಟ್ಟುಕೊಂಡು, ಅಕ್ಕಪಕ್ಕದವುಗಳ ಬಣ್ಣದಿಂದ ಆ ಜಾಗ ತುಂಬಿಸುತ್ತದೆ.

ಅಕ್ಕ ಬೀಳಗಿಯ ಚಿತ್ರವನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು, ಮಾರುವ ಮಾತು ಎತ್ತಲಿಲ್ಲ. ಹುಡುಗಿ ಕಪ್ಪು ಚಿತ್ರದ ಚುಕ್ಕಿಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಡಿಸೆಂಬರಿನಲ್ಲಿ ಅದೇ ದಂಡೆಗೆ ಹೋಗಿ ಮತ್ತೆ ಎಣಿಸಬೇಕಂತೆ. ಆಗ ನೀರು ನಾವು ಕೂತ ಜಾಗದವರೆಗೂ ಬಂದಿರಬಹುದು.